ಆಪಿನ ದಂಡೆ

ಎರ್ರೆಮ್ಮ ಅವತ್ತು ಸಂಘದ ಕೋಣೆಗೆ ಹೋದದ್ದು ಜಗಳ ಮಾಡಲಿಕ್ಕೆ. ಮೀನು ಇಡುವ ಐಸಿನ ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇದೆ ಎಂದು ಬೆಳಗಿನಿಂದ ಮೂವರನ್ನು ಕೇಳಿದ್ದಳು, ಮೂವರೂ ಇನ್ನೊಬ್ಬರ ಹೆಸರು ಹೇಳಿದ್ದರು. ಅಷ್ಟರಲ್ಲಿ ಹಡಗಲಿಗೆ ಹೋಗುವ ಒಂಬತ್ತರ ಬಸ್ಸು ತಪ್ಪಿಹೋಗಿತ್ತು. ತಲೆಯ ಮೇಲಿನ ಬುಟ್ಟಿಯನ್ನು ಬಾಗಿಲ ಹೊರಗಿಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟರೆ, ಇಪ್ಪತ್ತು ಮಂದಿ ಗಂಡಸರು ಒಂದೇ ಸಲ ಮಾತಾಡುತ್ತಿದ್ದರು. ನಡುವೆ ನೆಲದ ಮೇಲೆ ದೊಡ್ಡದೊಂದು ಬಿಳಿ ಹಾಳೆ ಹಾಸಿತ್ತು. ಅದರ ಮುಂದೆ ಮಂಡಿಯೂರಿ ಕೂತಿದ್ದ ಹೆಣ್ಣುಮಗಳು ಪೆನ್ನಿನ ಮುಚ್ಚಳ ಕಚ್ಚುತ್ತಾ ಯಾರ ಮಾತು ಬರೆದುಕೊಳ್ಳಬೇಕೆಂದು ತಿಳಿಯದೆ ಸುತ್ತ ನೋಡುತ್ತಿದ್ದಳು.

ಅವಳು ವಾಣಿಶ್ರೀ. ಮೀನುಗಾರಿಕೆ ಇಲಾಖೆಯಿಂದ ಬಂದವಳು. ಹೊಳೆದಂಡೆಯ ಊರುಗಳೆಲ್ಲ ಹೊಳೆ ಉಕ್ಕಿ ಬರುವ ಮೊದಲೇ ಏನು ಮಾಡಬೇಕು, ಬಂದಾಗ ಏನು, ಇಳಿದ ಮೇಲೆ ಏನು ಎಂದು ತಾವೇ ಕೂತು ಬರೆದಿಟ್ಟುಕೊಳ್ಳಬೇಕು ಎನ್ನುವುದು ಅವಳು ತಂದ ಕೆಲಸ. ಕಡವಿನಗಡ್ಡಿಯಂಥ ಊರಿಗೆ ಅದು ಬೇಕಾದದ್ದೇ. ಹಡಗಲಿ ತಾಲೂಕಿನ ಅಂಚಿನಲ್ಲಿ, ತುಂಗಭದ್ರೆ ಇನ್ನೂ ಹೊಳೆಯೂ ಹೌದು, ಡ್ಯಾಮಿನ ಹಿನ್ನೀರೂ ಹೌದು ಎನ್ನುವಂಥ ಜಾಗದಲ್ಲಿ ಇತ್ತು ಆ ಊರು. ಅರವತ್ತು ಮನೆಯವರಿಗೆ ಮೀನೇ ಅನ್ನ. ನಾಲ್ಕು ವರ್ಷದ ಹಿಂದೆ ಬಂದ ಹೊಳೆ ಊರಿನ ತೆಪ್ಪಗಳನ್ನು ಬಾಚಿಕೊಂಡು ಹೋದದ್ದನ್ನು ಯಾರೂ ಮರೆತಿರಲಿಲ್ಲ.

"ಆ ಸಲ ಏನೇನಾತು, ಒಬ್ಬೊಬ್ರೇ ಹೇಳ್ರಿ" ಎಂದಳು ವಾಣಿಶ್ರೀ, ಮೂರನೇ ಸಲವೋ ನಾಲ್ಕನೇ ಸಲವೋ.

"ಏನ್ ಹೇಳೋದ್ರಿ ಮೇಡಂ, ಎಲ್ಲಾ ಹೋತು" ಎಂದ ಜಂಬಯ್ಯ. ಸಂಘದ ಅಧ್ಯಕ್ಷ ಅವನು, ಎರ್ರೆಮ್ಮನ ಗಂಡ. "ಹೊಳಿ ಮುಂದ ನಾವು ಎಷ್ಟರವರು?"

ಎರ್ರೆಮ್ಮನಿಗೆ ಕೀಲಿಯ ಮಾತು ಮರೆತೇಹೋಯಿತು.

"ಎಲ್ಲಾ ಎಲ್ಲಿ ಹೋತು?" ಎಂದಳು ಬಾಗಿಲಲ್ಲೇ ನಿಂತು. "ನಲವತ್ತು ತೆಪ್ಪ ಇದ್ವು. ಮೂವತ್ತೊಂದು ಹೋದ್ವು. ಒಂಬತ್ತು ಯಾಕ ಉಳದ್ವು ಅಂತ ಇವ್ರು ಯಾರಾದ್ರೂ ಹೇಳ್ಯಾರೇನವ್ವ ನಿನಗ?"

ವಾಣಿಶ್ರೀ ಪೆನ್ನು ಹಾಳೆಯ ಮೇಲಿಟ್ಟಳು. "ಇಲ್ಲಮ್ಮ. ನೀವು ಹೇಳ್ರಿ."

"ಆ ಒಂಬತ್ತೂ ಮತ್ತಿಮರದ ಕಡೆ, ಆಪಿನ ಹಿಂದ ಕಟ್ಟಿದ್ವು. ಆಳೆತ್ತರ ಆಪಿನ ಜೊಂಡುಹುಲ್ಲು ಬೆಳದಿತ್ತು ಅಲ್ಲಿ. ಹೊಳಿ ಬಂದಾಗ ನೀರು ಆಪಿನ್ಯಾಗ ಹೊಕ್ಕು ಸುಸ್ತಾಗಿ ಹೊರಗ ಬರ್ತಿತ್ತು, ನಾನು ಕಣ್ಣಾರೆ ನೋಡೀನಿ. ಉಳಿದ ದಂಡಿಗೆಲ್ಲ ಇವ್ರು ಬ್ಯಾಸಿಗಿಯಾಗ ಬೆಂಕಿ ಹಚ್ಚಿ ಸೌತಿ, ಕಲ್ಲಂಗಡಿ ಹಾಕಿದ್ರು. ಬೋಳು ದಂಡಿ. ಬೋಳು ದಂಡಿಯಾಗ ಕಟ್ಟಿದ್ದು ಒಂದೂ ಉಳೀಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಮರುವರ್ಷ ಬಾಳೆಮೀನು ಎಲ್ಲಿ ಸಿಕ್ಕಿತು ಕೇಳು. ಅಲ್ಲೇ. ಆಪಿನ ಬುಡದಾಗ. ಮೀನು ತತ್ತಿ ಇಡೋದು ಅಲ್ಲಿ, ಮರಿ ಬೆಳಿಯೋದು ಅಲ್ಲಿ. ನಾ ಮೂವತ್ತೈದು ವರ್ಷದಿಂದ ಮೀನು ಹೆಚ್ಚೀನಿ, ಯಾವ ಮೀನಿನ ಹೊಟ್ಟಿಯಾಗ ಯಾವ ತಿಂಗಳು ತತ್ತಿ ಇರ್ತೈತಿ ಅಂತ ನನಗಿಂತ ಇವ್ರಿಗೆ ಗೊತ್ತೇನು?"

ದಂಡೆಗೆ ಬೆಂಕಿ ಹಚ್ಚಲು ಒಪ್ಪಿಗೆ ಕೊಟ್ಟವನು ಜಂಬಯ್ಯನೇ ಆಗಿದ್ದ. ಅವನು ಗೋಡೆಯ ಕಡೆ ನೋಡಿದ. ವಾಣಿಶ್ರೀ ಮಾತ್ರ ಹಾಳೆಯ ಇನ್ನೊಂದು ತುದಿಗೆ ಸರಿದು, ಚಾಪೆಯ ಮೇಲೆ ಜಾಗ ತೋರಿಸಿದಳು. "ಇಲ್ಲಿ ಕುಂದರ್ರಿ ಅಮ್ಮ. ಎಲ್ಲಿ ಆಪು ಇತ್ತು, ಎಲ್ಲಿತನಕ ನೀರು ಬಂತು, ತೋರಿಸ್ರಿ."

ಎರ್ರೆಮ್ಮ ಅವತ್ತು ಸಂತೆಗೆ ಹೋಗಲೇ ಇಲ್ಲ. ಬುಟ್ಟಿಯ ಮೀನು ಓಣಿಯವರ ಪಾಲಾಯಿತು. ಓದು ಬಾರದ ಅವಳು ಬೆರಳಿನಿಂದ ತೋರಿಸಿದಳು, ವಾಣಿಶ್ರೀ ಬರೆದಳು. ಚೌಡಮ್ಮನ ಕಟ್ಟೆ, ಮತ್ತಿಮರಗಳು, ಶಿವಯೋಗಪ್ಪನವರ ಹೊಲದ ಒಡ್ಡು, ನಡುಗಡ್ಡೆ, ಹಳ್ಳ ಸೇರುವ ಜಾಗ. ಮಧ್ಯಾಹ್ನದ ಹೊತ್ತಿಗೆ ಗಂಡಸರೂ ಬಗ್ಗಿ ನಿಂತು, "ಅಲ್ಲಲ್ಲ, ಅಲ್ಲಿ ಆಳ ಐತಿ", "ಇಲ್ಲಿ ಸುಳಿ ತಿರುಗ್ತೈತಿ" ಎಂದು ಸೇರಿಸತೊಡಗಿದರು.

ಹೀಗೆ ಹುಟ್ಟಿದ ಯೋಜನೆ ಪೂರ್ತಿಯಾಗಲು ಮೂರು ತಿಂಗಳು ಹಿಡಿಯಿತು. ತೆಪ್ಪ ಕಟ್ಟುವ ಘಾಟಿನ ದೊಡ್ಡ ಬಂಡೆಯ ಮೇಲೆ, ನೀರಿನ ಏರು ಅಳೆಯಲು, ಕೆಳಗಿನಿಂದ ಹಸಿರು, ಹಳದಿ, ಕೆಂಪು ಪಟ್ಟಿ ಬಳಿದರು. ಹೊಳೆಯ ಮೇಲ್ಗಡೆಯ ಊರುಗಳಲ್ಲೂ ಅಂಥದೇ ಪಟ್ಟಿ. ಹರಪನಹಳ್ಳಿ ಕಡೆಯ ಹೊಳೆದಂಡೆಯಲ್ಲಿ ಗವಿಸಿದ್ದೇಶ್ ಎಂಬ ಮೀನುಗಾರ ಇದ್ದ. ಅಲ್ಲಿ ಕೆಂಪು ಪಟ್ಟಿ ಮುಳುಗಿದರೆ ಅವನು ಮೈಲಾರದವರಿಗೂ ಕಡವಿನಗಡ್ಡಿಗೂ ಫೋನು ಮಾಡಬೇಕು. ಕಡವಿನಗಡ್ಡಿಯವರು ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನವರಿಗೆ ತಿಳಿಸಬೇಕು. ಫೋನು ಬಂದ ಕೂಡಲೇ ತೆಪ್ಪ, ಬಲೆ ಎಲ್ಲ ಶಿವಯೋಗಪ್ಪನವರ ಕಣಕ್ಕೆ ಏರಬೇಕು. ಕೆಂಪು ಬಂದ ಮೇಲೆ ಯಾರೂ ಹೊಳೆಗೆ ತೆಪ್ಪ ಇಳಿಸಬಾರದು. ಈ ಕೊನೆಯ ಮಾತನ್ನು ಬರೆಸಿದವಳು ಎರ್ರೆಮ್ಮನೇ.

ಕಣ ಕೊಡಲು ಶಿವಯೋಗಪ್ಪನವರು ಮೊದಲು ಒಪ್ಪಿರಲಿಲ್ಲ. ಹೊಳೆಗೆ ಹೊಂದಿ ಹನ್ನೆರಡು ಎಕರೆ ಭೂಮಿ ಇದ್ದ ಹಿರಿಯರು ಅವರು, ವಿಭೂತಿ ಇಲ್ಲದೆ ಹೊರಗೆ ಬಾರದವರು, ಮೀನಿನ ವಾಸನೆ ಬಂದರೆ ಮೂಗು ಮುಚ್ಚುವವರು. ಎರ್ರೆಮ್ಮ ಅವರನ್ನು ಒಡ್ಡಿಗೇ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ಗೌಡ್ರೇ, ಆ ಸಲ ನಿಮ್ಮ ಹೊಲ ಎಷ್ಟು ಕೊರೀತು?"

"ಒಂದೂವರಿ ಎಕರೆ ಹೋತಲ್ಲ ತಾಯಿ. ಕಪ್ಪು ಮಣ್ಣು, ಬಂಗಾರದಂಥಾದ್ದು."

"ಮತ್ತಿಮರದ ಕಡೆ ಎಷ್ಟು ಹೋತು?"

ಶಿವಯೋಗಪ್ಪನವರು ಆ ಕಡೆ ನೋಡಿದರು. ಆಪು ಇದ್ದಲ್ಲಿ ದಂಡೆ ಹಾಗೇ ಇತ್ತು, ಇಲ್ಲದಲ್ಲಿ ಗೋಡೆ ಕಡಿದಂತೆ ಕುಸಿದಿತ್ತು. ಐವತ್ತು ವರ್ಷದಿಂದ ನೋಡುತ್ತಾ ಬಂದ ದಂಡೆ ಅದು. "ನಾವೂ ಕುರುಡರೇ ಬಿಡು" ಎಂದರು ಕೊನೆಗೆ. "ಕಣ ನಿಮ್ಮದು ಅಂತ ತಿಳಕೋರಿ."

ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರು ಬಿದ್ದಾಗ ಹೆಂಗಸರು ಸಾಲಾಗಿ ಇಳಿದು ಆಪಿನ ಬೇರು ನಟ್ಟರು. ಉಳಿದಿದ್ದ ಒಂದೇ ಪೊದೆಯಿಂದ ಬೇರು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಮೊಣಕಾಲು ಮುಳುಗುವ ಕೆಸರಿನಲ್ಲಿ ಗೇಣಿಗೊಂದರಂತೆ ಊರಿದರು. ಜಂಬಯ್ಯನ ತಮ್ಮ ಅಂಜಿನೇಯಲು ದಂಡೆಯ ಮೇಲೆ ನಿಂತು ನಕ್ಕ. "ಅತ್ತಿಗಿ, ಹೊಲ ಇಲ್ದವರು ಹುಲ್ಲು ನಾಟಿ ಮಾಡಾಕತ್ತೀರಿ ನೋಡು!" ಅವನು ಊರಿನಲ್ಲೇ ಒಳ್ಳೆ ಮೀನುಗಾರ, ಹಾಗೆಯೇ ಯಾರ ಮಾತೂ ಕೇಳದವನು. ಬೆರಳು ತೂರದ ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಳಿದು ತರುತ್ತಿದ್ದ. ಜೂನು ಜುಲೈಯಲ್ಲಿ ಆಪಿನ ಹತ್ತಿರ ಯಾರೂ ಬಲೆ ಬಿಡಬಾರದು ಎಂದು ಸಂಘ ನಿಯಮ ಮಾಡಿದಾಗ ಎದ್ದು ಹೊರಗೆ ಹೋದವನು ಅವನೊಬ್ಬನೇ.

ಮೊದಲ ವರ್ಷ ನಟ್ಟಿದ್ದರಲ್ಲಿ ಅರ್ಧ ಕೊಳೆಯಿತು. ದನ ಒಂದಿಷ್ಟು ತಿಂದವು. ಎರಡನೇ ಬೇಸಿಗೆಗೆ ಮತ್ತೆ ನಟ್ಟರು. ಮೂರನೇ ಮಳೆಗಾಲಕ್ಕೆ ಒಡ್ಡಿನಿಂದ ಹಳ್ಳದವರೆಗೆ ಎರಡು ಫರ್ಲಾಂಗು ಉದ್ದ, ಮನುಷ್ಯ ಒಳಹೊಕ್ಕರೆ ಕಾಣದಷ್ಟು ಎತ್ತರ, ಆಪು ಗಾಳಿಗೆ ತೂಗುತ್ತಿತ್ತು. ಒಳಗೆ ನೀರುಕೋಳಿಗಳು ಗೂಡು ಮಾಡಿದ್ದವು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ, ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಎರ್ರೆಮ್ಮನ ಫೋನು ಬಡಿದುಕೊಂಡಿತು.

"ಚಿಗವ್ವ, ನಾನು ಗವಿಸಿದ್ದೇಶ. ನಮ್ಮ ಕಡೆ ಕೆಂಪು ಮುಳುಗ್ತು. ಇನ್ನೂ ಏರಾಕತ್ತೈತಿ."

ಎರ್ರೆಮ್ಮ ಅವನ ಮುಖ ನೋಡಿದವಳಲ್ಲ, ದನಿ ಮಾತ್ರ ಬಲ್ಲಳು. ಮೂರು ವರ್ಷದಿಂದ ಹಬ್ಬಕ್ಕೊಮ್ಮೆ ಫೋನು ಮಾಡಿ ಮಾತಾಡಿಸುತ್ತಿದ್ದ. ಈಗ ಆ ದನಿಯಲ್ಲಿ ಹಬ್ಬದ ಸಡಗರ ಇರಲಿಲ್ಲ. ಅವಳು ಘಾಟಿಗೆ ಬಂದು ನಿಂತಳು. ಬಿಸಿಲು ಚುರುಗುಟ್ಟುತ್ತಿತ್ತು. ಕಡವಿನಗಡ್ಡಿಯಲ್ಲಿ ವಾರದಿಂದ ಹನಿ ಬಿದ್ದಿರಲಿಲ್ಲ. ಹೊಳೆ ಹಸಿರು ಪಟ್ಟಿಗಿಂತ ಕೆಳಗೆ, ತಣ್ಣಗೆ ಹರಿಯುತ್ತಿತ್ತು. ಅವಳು ಬಗ್ಗಿ ನೀರನ್ನು ಬೊಗಸೆಯಲ್ಲಿ ಎತ್ತಿದಳು. ಬಣ್ಣ ತಿರುಗಿರಲಿಲ್ಲ. ನೊರೆ ಇರಲಿಲ್ಲ, ಕಸಕಡ್ಡಿ ಇರಲಿಲ್ಲ. ಮೈಲಾರದ ಕಡೆ ತೆಪ್ಪ ದಾಟಿಸುತ್ತಿದ್ದ ಅಪ್ಪನ ಮಗಳು ಅವಳು, ಹೊಳೆ ಬರುವ ನೀರಿನ ವಾಸನೆಯೇ ಬೇರೆ ಎಂದು ಹುಟ್ಟಿದಾಗಿನಿಂದ ಬಲ್ಲವಳು. ಈ ನೀರಿಗೆ ಆ ವಾಸನೆ ಇರಲಿಲ್ಲ.

ಜಂಬಯ್ಯ ಹಿಂದೆ ಬಂದು ನಿಂತಿದ್ದ. "ಏನನ್ನಿಸ್ತೈತಿ?"

"ಬರೋದಿಲ್ಲ ಅನ್ನಿಸ್ತೈತಿ" ಎಂದಳು, ಮನಸ್ಸಿನಲ್ಲಿದ್ದದ್ದನ್ನೇ.

"ಮತ್ತ? ನಲವತ್ತು ತೆಪ್ಪ ಹೊತ್ತು ಕಣಕ್ಕ ಹಾಕ್ಸಿ, ಹೊಳಿ ಬರ್ಲಿಲ್ಲಾಂದ್ರ ಮಂದಿ ಮಕಕ್ಕ ಉಗೀತಾರ."

ಎರ್ರೆಮ್ಮ ಕೈ ಒರೆಸಿಕೊಂಡಳು. "ಉಗೀಲಿ. ನನ್ನ ಕಣ್ಣು, ನನ್ನ ಮೂಗು ಬರೋದಿಲ್ಲ ಅಂತಾವ. ಆದ್ರ ಅವನು ಅಲ್ಲಿ ನಿಂತು ನೋಡ್ಯಾನ, ನಾನು ಇಲ್ಲಿ ನಿಂತು ಊಹೆ ಮಾಡಾಕತ್ತೀನಿ. ಮೂರು ತಿಂಗಳು ಕುಂತು ಬರದಿದ್ದು ಇಂಥಾ ದಿನಕ್ಕಲ್ಲೇನ್ರಿ? ಮೈಕ್ ಹಚ್ರಿ."

ಜಂಬಯ್ಯ ಸಂಘದ ಕೋಣೆಗೆ ನಡೆದ. ಅವನ ದನಿ ಮೈಕಿನಲ್ಲಿ ಊರೆಲ್ಲ ಕೇಳಿಸಿತು. ಎರ್ರೆಮ್ಮ ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಫೋನು ಹಚ್ಚಿದ್ದಳು.

ಗೊಣಗಾಟ ಇಲ್ಲದೆ ಇರಲಿಲ್ಲ. ಬಿಸಿಲಿನಲ್ಲಿ ತೆಪ್ಪ ತಲೆಯ ಮೇಲೆ ಮಗುಚಿಕೊಂಡು ಏರು ಹತ್ತುವಾಗ ಒಬ್ಬ, "ಆಕಿಗೆ ಹುಚ್ಚು, ನಮಗ ಕೆಲಸ" ಎಂದ. ಎರ್ರೆಮ್ಮನಿಗೆ ಕೇಳಿಸಿತು. ಕೇಳದವಳಂತೆ ಬಲೆಯ ಮೂಟೆಯ ಇನ್ನೊಂದು ತುದಿ ಹಿಡಿದಳು. ಶಿವಯೋಗಪ್ಪನವರು ಟ್ರ್ಯಾಕ್ಟರ್ ಕಳಿಸಿ ತಾವೂ ಬಂದರು. ಕಣದಲ್ಲಿ ತೆಪ್ಪಗಳನ್ನು ಸಾಲಾಗಿ ಬೋರಲು ಹಾಕಿಸಿದರು, ಮೂಗು ಮುಚ್ಚಿಕೊಳ್ಳದೆ.

ಮೂರು ಗಂಟೆಗೆ ನೀರಿನ ಬಣ್ಣ ತಿರುಗಿತು. ಮೊದಲು ಹಾಲು ಹಾಕದ ಚಹಾದಂತೆ, ಆಮೇಲೆ ಕೆಮ್ಮಣ್ಣಿನಂತೆ. ಮೂರೂವರೆಗೆ ಹಸಿರು ಪಟ್ಟಿ ಇರಲಿಲ್ಲ. ನಾಲ್ಕಕ್ಕೆ ಹಳದಿ ಇರಲಿಲ್ಲ. ನಾಲ್ಕೂವರೆಗೆ ಕೆಂಪೂ ಮುಳುಗಿತು. ಬೆಳಗ್ಗೆ ಗೊಣಗಿದ್ದವನು ಎರ್ರೆಮ್ಮನ ಹತ್ತಿರ ಬಂದು ನಿಂತುಕೊಂಡ. ಅವಳು ತನ್ನ ಮೂಗನ್ನು ನಂಬಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕುತ್ತಿದ್ದಳು.

ಆಗ ಅಂಜಿನೇಯಲುವಿನ ಹೆಂಡತಿ ರೋಜಾ ಓಡಿ ಬಂದಳು. "ಅಕ್ಕಾ, ಅವ್ರು ನಡುಗಡ್ಡಿಗೆ ಹೋಗ್ಯಾರ. ಬಲಿ ತರ್ತೀನಿ ಅಂತ ಮಧ್ಯಾಹ್ನ ಹೋದವ್ರು. ತೆಪ್ಪ ಹೋಗಿಬಿಟ್ಟೈತಿ, ಜಾಲಿಗಿಡ ಹಿಡಕೊಂಡು ನಿಂತಾರ!"

ಎಲ್ಲರೂ ಒಡ್ಡಿನ ಕಡೆ ಓಡಿದರು. ಆಪಿನ ಅಂಚಿನಿಂದ ಐವತ್ತು ಅಡಿ ಆಚೆ, ಸ್ವಲ್ಪ ಮೇಲ್ಗಡೆಗೆ, ನಡುಗಡ್ಡೆಯ ಜಾಲಿಗಿಡದ ತುದಿ ಮಾತ್ರ ಕಾಣುತ್ತಿತ್ತು. ಅದರಲ್ಲಿ ಅಂಜಿನೇಯಲು. ನೀರು ಅವನ ಸೊಂಟ ಮುಟ್ಟಿತ್ತು.

ಹಡಗಲಿಯ ಅಗ್ನಿಶಾಮಕದವರಿಗೆ ಫೋನು ಹೋಯಿತು. ದಾರಿಯ ಹಳ್ಳ ತುಂಬಿದ್ದರಿಂದ ಸುತ್ತು ಹಾಕಿ ಬರಬೇಕು, ಒಂದು ತಾಸು ಆಗುತ್ತದೆ ಎಂದರು. ಜಾಲಿಗಿಡ ಒಂದು ತಾಸು ನಿಲ್ಲುವಂತಿರಲಿಲ್ಲ. ಇಬ್ಬರು ಹುಡುಗರು ಆಗಲೇ ಕಣದಿಂದ ತೆಪ್ಪ ಇಳಿಸಹೊರಟಿದ್ದರು.

"ನಿಲ್ರಿ!" ಎರ್ರೆಮ್ಮ ಕೂಗಿದಳು. "ಕೆಂಪು ಮುಳುಗೈತಿ. ಹೊಳಿಗೆ ಇಳದ್ರ ಒಬ್ಬನ ಬದ್ಲು ಮೂವರು ಹೋಗ್ತೀರಿ."

"ಮತ್ತ ನೋಡ್ಕೋತ ನಿಂದ್ರೋದೇನು?" ರೋಜಾ ಅವಳ ತೋಳು ಹಿಡಿದು ಅಲುಗಿಸಿದಳು.

ಎರ್ರೆಮ್ಮ ನೀರು ನೋಡುತ್ತಿದ್ದಳು. ಹೊಳೆಯ ನಡುವೆ ಮರದ ದಿಮ್ಮಿಗಳು ಕುದುರೆಯಂತೆ ಓಡುತ್ತಿದ್ದವು. ಆದರೆ ಆಪಿನ ಒಳಗೆ, ದಂಡೆಯಿಂದ ಆಪಿನ ಅಂಚಿನವರೆಗೆ, ನೀರು ಏರಿತ್ತೇ ಹೊರತು ಓಡುತ್ತಿರಲಿಲ್ಲ. ತುದಿಗಳು ಬಾಗಿ, ಎದ್ದು, ಮತ್ತೆ ಬಾಗುತ್ತಿದ್ದವು. ಬುಡ ಅಲುಗುತ್ತಿರಲಿಲ್ಲ.

"ಹೊಳಿಗೆ ಇಳಿಯೋದು ಬ್ಯಾಡ. ಆಪಿನ ಅಂಚಿನತನಕ ಹೋಗೋಣು. ಅದರಾಚೆ ಒಂದು ಗೇಣು ಹೋಗೋದಿಲ್ಲ. ಗೌಡ್ರೇ, ನಿಮ್ಮ ಟ್ರ್ಯಾಕ್ಟರಿಗೆ ಹಗ್ಗ ಕಟ್ರಿ. ಅದರ ಇನ್ನೊಂದು ತುದಿ ತೆಪ್ಪಕ್ಕ. ಅವನಿಗೆ ಎಸಿಯಾಕ ಇನ್ನೊಂದು ಹಗ್ಗ, ಎರಡು ಖಾಲಿ ಕ್ಯಾನು." ಎರ್ರೆಮ್ಮ ಸಂಘದಲ್ಲಿದ್ದ, ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟು ತೊಟ್ಟುಕೊಂಡಳು. "ಹುಟ್ಟು ಕೊಡ್ರಿ ಇಲ್ಲಿ."

"ನೀನಾ?" ಎಂದ ಜಂಬಯ್ಯ.

"ನಿಮ್ಮ ಎಡಭುಜ ಹೋದ ವರ್ಷದಿಂದ ಮ್ಯಾಲೇಳೋದಿಲ್ಲ. ಹುಟ್ಟು ನಾ ಹಾಕ್ತೀನಿ. ಕ್ಯಾನು ನೀವು ಎಸೀರಿ, ಬಲಗೈ ಚೆಂದ ಐತಿ."

ಅವನೂ ಜಾಕೀಟು ಹಾಕಿಕೊಂಡ. ನಲವತ್ತು ವರ್ಷದ ಸಂಸಾರದಲ್ಲಿ ಒಂದೇ ತೆಪ್ಪದಲ್ಲಿ ಅವಳು ಹುಟ್ಟು ಹಿಡಿದು ಅವನು ಕೂತದ್ದು ಅದೇ ಮೊದಲು.

ಆಪಿನೊಳಗೆ ತೆಪ್ಪ ಉಜ್ಜಿಕೊಂಡು, ತಡೆದು, ಸರಿಯುತ್ತಾ ಮುಂದೆ ಹೋಯಿತು. ಎರ್ರೆಮ್ಮನ ಅಂಗೈಗೆ ಹುಟ್ಟಿನ ಹಿಡಿ ಮರೆತುಹೋಗಿರಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ತೆಪ್ಪ ತಿರುಗದಂತೆ. ಅಂಚಿಗೆ ಬಂದಾಗ ಹೊಳೆಯ ಸದ್ದು ಕಿವಿ ತುಂಬಿತು. ಅವಳು ಎರಡು ತೆಕ್ಕೆ ಆಪು ಹಿಡಿದು ತೆಪ್ಪ ನಿಲ್ಲಿಸಿದಳು. ಹಿಂದೆ ಟ್ರ್ಯಾಕ್ಟರಿನ ಹಗ್ಗ ಬಿಗಿಯಿತು.

"ಅಂಜಿನೇಯಲೂ! ಕ್ಯಾನು ನಿನ್ನ ಕೆಳಗಡೆಗೆ ಬರ್ತೈತಿ. ಬಿದ್ದ ಮ್ಯಾಲೆ ಜಿಗಿ. ನಮ್ಮ ಕಡೆ ಈಜಬ್ಯಾಡ, ಹೊಳಿ ಜೊತಿಗೆ ಬಾ. ಅದೇ ತರ್ತೈತಿ!"

"ಅತ್ತಿಗಿ, ನನಗ ಆಗೋದಿಲ್ಲ!" ಅವನ ದನಿ ಮಗುವಿನದಾಗಿತ್ತು.

"ಆಗ್ತೈತಿ ಲೇ! ಜಿಗಿ!"

ಜಂಬಯ್ಯ ಎಸೆದ ಮೊದಲ ಕ್ಯಾನು ಬಹಳ ಈಚೆ ಬಿತ್ತು. ಎಳೆದು ಮತ್ತೆ ಎಸೆದ. ಈ ಸಲ ಹಗ್ಗ ನೀರಿನ ಮೇಲೆ ಬಿಲ್ಲಿನಂತೆ ಬಾಗಿ ತೇಲಿತು. ಅಂಜಿನೇಯಲು ಗಿಡ ಬಿಟ್ಟ. ತಲೆ ಒಮ್ಮೆ ಮುಳುಗಿತು, ಎರಡನೇ ಸಲ ಮುಳುಗಿತು, ಆಮೇಲೆ ಒಂದು ಕೈ ಹಗ್ಗದ ಮೇಲೆ ಬಿತ್ತು. ಜಂಬಯ್ಯ ಎದ್ದು ನಿಂತು ಎಳೆದ. ಏಳದ ಭುಜವೂ ಆಗ ಎದ್ದಿತು. ಆಪಿನೊಳಗೆ ಬಂದು ಬಿದ್ದ ತಮ್ಮನನ್ನು ಅಂಗಿಯ ಕಾಲರ್ ಹಿಡಿದು ಒಳಗೆಳೆದುಕೊಂಡು, ಬಾಯಿಗೆ ಬಂದಂತೆ ಬೈಯುತ್ತಾ ಅತ್ತ. ದಂಡೆಯಿಂದ ಟ್ರ್ಯಾಕ್ಟರ್ ನಿಧಾನಕ್ಕೆ ಹಿಂದೆ ಸರಿಯಿತು. ಅಗ್ನಿಶಾಮಕದವರು ಬರುವ ಹೊತ್ತಿಗೆ ಅಂಜಿನೇಯಲು ಕಂಬಳಿ ಹೊದ್ದು ಶಿವಯೋಗಪ್ಪನವರ ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ.

ಹೊಳೆ ಐದು ದಿನ ತುಂಬಿ ನಿಂತಿತು. ಆರನೇ ದಿನ ಇಳಿಯತೊಡಗಿತು. ಕಡವಿನಗಡ್ಡಿಯಲ್ಲಿ ಹೋದದ್ದು ಒಂದೇ ತೆಪ್ಪ, ಅಂಜಿನೇಯಲುವಿನದು. ಆಪು ಮಲಗಿತ್ತು, ಮೇಲೆಲ್ಲ ಕೆಸರು ಮೆತ್ತಿ ಸತ್ತಂತೆ ಕಾಣುತ್ತಿತ್ತು. ಆದರೆ ಬುಡ ಹಿಡಿದು ಎಳೆದರೆ ಬರುತ್ತಿರಲಿಲ್ಲ. ಅದರ ಹಿಂದಿನ ಒಡ್ಡು ಒಂದು ಹೆಂಟೆಯೂ ಕುಸಿದಿರಲಿಲ್ಲ. ಶಿವಯೋಗಪ್ಪನವರು ಒಡ್ಡಿನುದ್ದಕ್ಕೂ ಒಬ್ಬರೇ ನಡೆದು ನೋಡಿ ಬಂದರು.

ನಿಜವಾದ ಕೆಲಸ ಆಮೇಲೆ ಇತ್ತು. ಇಳಿದ ಹೊಳೆ ಹೊಲದ ತಗ್ಗುಗಳಲ್ಲಿ ನೀರು ಬಿಟ್ಟುಹೋಗಿತ್ತು. ಆ ನೀರಿನಲ್ಲಿ ಮೀನು. ಬೆರಳುದ್ದದ ಕಾಟ್ಲಾ, ರೋಹು ಮರಿಗಳು ಸಾವಿರಗಟ್ಟಲೆ. ನಡುನಡುವೆ ತೋಳುದ್ದದ ಬಾಳೆಮೀನುಗಳು. ನಾಲ್ಕು ದಿನ ಬಿಸಿಲು ಬಿದ್ದರೆ ಎಲ್ಲ ಸಾಯುತ್ತವೆ. ಅದಕ್ಕೂ ಮೊದಲೇ ಮಂದಿ ಬಳಿದುಕೊಂಡು ಹೋಗುತ್ತಾರೆ. ಏಳನೇ ದಿನ ಬೆಳಗ್ಗೆ ಆಸುಪಾಸಿನ ಊರವರು ಸೊಳ್ಳೆಪರದೆ ಹಿಡಿದು ಬಂದಿದ್ದರು, ವ್ಯಾಪಾರದವರ ಗಾಡಿ ಎರಡು ನಿಂತಿದ್ದವು. ತಗ್ಗಿನ ಅಂಚಿನಲ್ಲಿ ಎಲ್ಲರಿಗಿಂತ ಮುಂದೆ ಅಂಜಿನೇಯಲು, ಬೇರೆಯವರ ಬಲೆ ಹೆಗಲ ಮೇಲೆ ಹಾಕಿಕೊಂಡು.

ಎರ್ರೆಮ್ಮ ಹೋಗಿ ಅವನ ಮುಂದೆ ನಿಂತಳು.

"ಅತ್ತಿಗಿ, ತೆಪ್ಪ ಹೋತು, ಬಲಿ ಹೋದ್ವು. ನಾನೇನು ತಿನ್ಲಿ?" ಅವನು ಕಣ್ಣೆತ್ತಲಿಲ್ಲ. "ಜೀವ ಉಳಿಸೀದಿ. ಅದಕ್ಕ ಬಾಯಿ ಮುಚ್ಚಿಕೊಂಡು ಇರು ಅಂತೀಯೇನು?"

"ಅನ್ನೋದಿಲ್ಲ. ನಿನ್ನ ಕೇಳ್ವಿ ಖರೆ ಐತಿ" ಎಂದಳು. "ಅದಕ್ಕೂ ನಾವು ಬರದಿಟ್ಟೀವಿ, ಅವತ್ತು ನೀನು ಎದ್ದು ಹೋಗಿದ್ದಿ. ಸಾಮಾನು ಕಳಕೊಂಡವರಿಗೆ ಸಂಘದ ತೆಪ್ಪ, ಸಂಘದ ಬಲಿ ಮೊದ್ಲು. ಇವತ್ತ ಸಂಜಿಗೆ ನಿನ್ನ ಮನಿಗೆ ಬರ್ತಾವ. ಈ ತಗ್ಗಿನ್ಯಾಗ ಜಿಲೇಬಿ ಮೀನು ಎಷ್ಟು ಐತಿ ಅಷ್ಟೂ ಹಿಡಿ, ಅದು ಹೊಳಿಯ ಮೀನಲ್ಲ, ಬಿಟ್ರ ಉಳಿದ ಮರಿನೆಲ್ಲ ತಿಂತೈತಿ. ಆದ್ರ ಕಾಟ್ಲಾ, ರೋಹು, ಬಾಳೆಮೀನು ಹೊಳಿಗೆ ವಾಪಸ್ ಹೋಗ್ಬೇಕು. ಇವನ್ನ ಇವತ್ತು ತಿಂದ್ರ ಎರಡು ವರ್ಷ ಬರೇ ನೀರಿಗೆ ಬಲಿ ಹಾಕ್ಬೇಕು. ಹೋದ ಸಲ ಹಾಕಿದ್ವಲ್ಲ, ನೆನಪಿಲ್ಲೇನು?"

ನೆನಪಿತ್ತು. ಆ ಎರಡು ವರ್ಷ ಅವನು ಕಬ್ಬು ಕಡಿಯಲಿಕ್ಕೆ ಹೋಗಿ ಬಂದಿದ್ದ. ಅವನು ಬಲೆ ಕೆಳಗಿಟ್ಟು ಮನೆಗೆ ಹೋದ. ಸಿಟ್ಟು ಮಾಡಿಕೊಂಡು ಹೋದನೆಂದೇ ಎಲ್ಲರೂ ತಿಳಿದರು. ಹತ್ತು ನಿಮಿಷದಲ್ಲಿ ರೋಜಾಳ ಜೊತೆ ಎರಡು ಪ್ಲಾಸ್ಟಿಕ್ ಕೊಡ ಹಿಡಿದು ಬಂದ.

ಹೊರಗಿನವರನ್ನು ಒಪ್ಪಿಸುವುದು ಅಷ್ಟು ಸುಲಭ ಇರಲಿಲ್ಲ. ಆ ಕೆಲಸ ಶಿವಯೋಗಪ್ಪನವರು ಮಾಡಿದರು. "ಹೊಲ ನಂದು. ಇದರಾಗಿನ ನೀರು ಎತ್ತಬೇಕಂದ್ರ ನನ್ನ ಕೇಳ್ಬೇಕು. ನಾನು ಎರ್ರೆಮ್ಮನ್ನ ಕೇಳ್ರಿ ಅಂತೀನಿ" ಎಂದು ಒಡ್ಡಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ವ್ಯಾಪಾರದ ಗಾಡಿಗಳು ಜಿಲೇಬಿ ಮೀನು ತುಂಬಿಕೊಂಡು ಹೋದವು. ಸೊಳ್ಳೆಪರದೆ ತಂದವರಲ್ಲಿ ಕೆಲವರು ಹೋದರು, ಕೆಲವರು ನಿಂತು ಕೊಡ ಎತ್ತಿಕೊಂಡರು.

ಮೂರು ದಿನ, ಬಿಸಿಲೇರುವ ಮೊದಲು ಮತ್ತು ಬಿಸಿಲು ಇಳಿದ ಮೇಲೆ, ತಗ್ಗಿನಿಂದ ಹೊಳೆಯವರೆಗೆ ಮಂದಿಯ ಸಾಲು ನಿಂತಿತು. ಕೊಡ ಕೈಯಿಂದ ಕೈಗೆ ಹೋಗುತ್ತಿತ್ತು, ಖಾಲಿಯಾಗಿ ಮರಳುತ್ತಿತ್ತು. ದೊಡ್ಡ ಬಾಳೆಮೀನುಗಳನ್ನು ಒದ್ದೆ ಗೋಣಿಯಲ್ಲಿ ಮಲಗಿಸಿ ಇಬ್ಬಿಬ್ಬರು ಹೊತ್ತು ಓಡಿದರು, ಬಸುರಿಯನ್ನು ಆಸ್ಪತ್ರೆಗೆ ಒಯ್ಯುವಂತೆ. ಮಲಗಿದ ಆಪಿನ ನಡುವೆ ನೀರಿಗೆ ಬಿಟ್ಟಾಗ ಅವು ಒಂದು ಕ್ಷಣ ಅಲುಗದೆ ನಿಂತು, ಬಾಲ ಬಡಿದು, ಕಾಣದಾಗುತ್ತಿದ್ದವು. ಹಡಗಲಿಯಿಂದ ಬಂದ ವಾಣಿಶ್ರೀ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತಳು. ಎರಡನೇ ದಿನದ ಸಂಜೆ ಎರ್ರೆಮ್ಮ ನೀರಿನ ಅಂಚಿನಲ್ಲಿ ನಿಂತು ಹಿಂದಿರುಗಿ ನೋಡಿದಳು. ಹೊಲದ ಏರಿನವರೆಗೆ ಮಂದಿಯೇ ಮಂದಿ. ಹೊಳೆಯಿಂದ ತೆಗೆದುಕೊಳ್ಳುವುದನ್ನು ಮಾತ್ರ ಬಲ್ಲ ಊರು, ಹೊಳೆಗೆ ಕೊಡುತ್ತಾ ನಿಂತಿತ್ತು. ತುಂಬಿದ ಕೊಡ ಅವಳ ಕಡೆ ಚಾಚಿದ್ದ ಹುಡುಗಿ, "ಅಜ್ಜಿ, ಹಿಡಿ" ಎಂದು ಎರಡು ಸಲ ಹೇಳಬೇಕಾಯಿತು.

ಆಪು ಇಪ್ಪತ್ತು ದಿನದಲ್ಲಿ ಹೊಸ ಕುಡಿ ಹೊಡೆಯಿತು. ಮರುವರ್ಷ ದೀಪಾವಳಿಯ ಹೊತ್ತಿಗೆ ಕಡವಿನಗಡ್ಡಿಯ ಬಾಳೆಮೀನು ಅಂದರೆ ಹಡಗಲಿ ಮಾರ್ಕೆಟ್ಟಿನಲ್ಲಿ ಜನ ಕಾದು ನಿಲ್ಲುತ್ತಿದ್ದರು.

ಆ ಚಳಿಗಾಲದಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಮೀನುಗಾರರ ಸಂಘಗಳ ಸಭೆ ಸೇರಿತು. ಹೊಳೆದಂಡೆಯವರು ಮಾತ್ರವಲ್ಲ, ಕೂಡ್ಲಿಗಿ, ಕೊಟ್ಟೂರು ಕಡೆಯ ಕೆರೆಗಳಲ್ಲಿ ಮೀನು ಸಾಕುವವರೂ ಬಂದಿದ್ದರು. ಕಡವಿನಗಡ್ಡಿ ಹೇಗೆ ಉಳಿಯಿತು ಎಂದು ಕೇಳಲಿಕ್ಕೆ ಬಂದವರು ಎಲ್ಲರೂ. ಅಧ್ಯಕ್ಷನೆಂದು ಜಂಬಯ್ಯನನ್ನು ವೇದಿಕೆಗೆ ಕರೆದರು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ನೋಡ್ರಿ, ನಾನು ಅಧ್ಯಕ್ಷ ಖರೆ. ಆದ್ರ ದಂಡಿಗೆ ಬೆಂಕಿ ಹಚ್ರಿ ಅಂತ ಹೇಳಿದವನು ನಾನು. ಬೇರು ನಟ್ಟಾಕಿ ಬ್ಯಾರೆ. ಮಾತಾಡಬೇಕಾದಾಕಿ ಅಲ್ಲಿ ಮೂರನೇ ಸಾಲಿನ್ಯಾಗ ಕುಂತಾಳ. ಎರ್ರೆಮ್ಮ ಅಂತ. ನನ್ನ ಮನಿಯಾಕಿ." ಕೊನೆಯ ಎರಡು ಪದ ಹೇಳುವಾಗ ಅವನ ದನಿ ಎಷ್ಟು ಏರಿತೆಂದರೆ ಮೈಕು ಕಿರುಗುಟ್ಟಿತು.

ಎರ್ರೆಮ್ಮ ಎದ್ದಳು. ಇನ್ನೂರು ಮಂದಿಯ ಮುಂದೆ ಅವಳು ಯಾವತ್ತೂ ನಿಂತವಳಲ್ಲ. ಮೊದಲು ಹೇಳಿದ್ದು ತಾನು ತಪ್ಪಿದ ಮಾತು. "ಅವತ್ತು ಬೆಳಗ್ಗೆ ನಾನು ಹೊಳಿ ಬರೋದಿಲ್ಲ ಅಂದ್ಕೊಂಡಿದ್ದೆ. ನನ್ನ ಮೂಗು ತಪ್ಪಿತು. ಹರಪನಹಳ್ಳಿ ಕಡಿಯಿಂದ ಒಬ್ಬ ಹುಡುಗ ಫೋನು ಮಾಡಿದ್ದು ಸರಿ ಇತ್ತು. ಅದಕ್ಕ ಹೇಳ್ತೀನಿ, ಅನುಭವ ಇದ್ದೋರು ಬರೆಸ್ರಿ, ಆದ್ರ ಬರೆಸಿದ ಮ್ಯಾಲೆ ನಿಮ್ಮ ಅನುಭವಾನೇ ನಂಬಿಕೊಂಡು ಕುಂದ್ರಬ್ಯಾಡ್ರಿ." ಹಿಂದಿನ ಸಾಲಿನಲ್ಲಿ ಒಬ್ಬ ಎತ್ತರದ ಯುವಕ ಎದ್ದು ನಿಂತು ಕೈ ಮುಗಿದ. ಎರ್ರೆಮ್ಮನಿಗೆ ಅವನು ಯಾರೆಂದು ಹೇಳಬೇಕಾಗಲಿಲ್ಲ.

ಆಮೇಲೆ ಪ್ರಶ್ನೆಗಳು ಮುಗಿಯಲೇ ಇಲ್ಲ. ಬೇರನ್ನು ಯಾವ ತಿಂಗಳು ನಡಬೇಕು, ದನ ಬಂದರೆ ಏನು, ಮಾತು ಕೇಳದವರಿಗೆ ಏನು ಮಾಡಿದಿರಿ. ಎಲ್ಲದಕ್ಕೂ ಅವಳ ಹತ್ತಿರ ಉತ್ತರ ಇತ್ತು, ಇಲ್ಲದ ಕಡೆ "ಗೊತ್ತಿಲ್ಲ" ಎಂದಳು. ಕೊಟ್ಟೂರು ಕಡೆಯ ಓಬಣ್ಣ ಎನ್ನುವವನು ಎದ್ದು, ತಮ್ಮದು ಹೊಳೆಯಲ್ಲ, ಕೆರೆ, ಮಳೆ ಜೋರಾದಾಗ ಕೋಡಿ ಹರಿದು ಸಾಕಿದ ಮೀನೆಲ್ಲ ಹಳ್ಳದ ಪಾಲಾಗುತ್ತದೆ, ಅದಕ್ಕೇನು ಮಾಡುವುದು ಎಂದು ಕೇಳಿದ.

"ಕೆರಿ ನೋಡದ ಹೇಳಾಕ ಬರೋದಿಲ್ಲಪ್ಪ" ಎಂದಳು ಎರ್ರೆಮ್ಮ. "ಕೋಡಿ ಎಲ್ಲೈತಿ, ನೀರು ಎಲ್ಲಿ ಹೊಕ್ತೈತಿ, ಮೀನು ಎಲ್ಲಿ ನಿಂದರ್ತಾವ, ನಿಮ್ಮ ಊರಿನ ಹೆಣ್ಣುಮಕ್ಕಳನ್ನ ಕೇಳೀಯೇನು?"

ಓಬಣ್ಣ ತಲೆ ಕೆರೆದುಕೊಂಡ. ಸಭೆ ನಕ್ಕಿತು.

"ಮೊದ್ಲು ಅವ್ರನ್ನ ಕರದು ಕುಂದ್ರಿಸು. ಬರೋ ಸೋಮವಾರ ನಾನು ಬರ್ತೀನಿ."

"ನಾನೂ ಬರ್ತೀನಿ" ಎಂದ ಜಂಬಯ್ಯ ವೇದಿಕೆಯ ಮೇಲಿಂದಲೇ.

"ನೀವು ಯಾಕ?"

"ಆಕಿ ಹೇಳಿದ್ದು ಬರಕೊಳ್ಳಾಕ ಒಬ್ರು ಬೇಕಲ್ಲ" ಎಂದ ಅವನು, ಸಭೆಯ ಕಡೆ ತಿರುಗಿ.